ಇದೆ, ಇದೆಯಂತೆ, ಇರಬಹುದು: ಲೋಕ ಕಟ್ಟಿದವರೊಡನೆ ಮಾತಾಡುವ ಬಗೆ

(ಮಡಿಕೇರಿಯಲ್ಲಿ ರೋಲ್‌ಪ್ಲೇ ಆಟಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟವನ್ನು ಮೂರು ತೆಳು ಪುಸ್ತಿಕೆಗಳಾಗಿ ಹೊರತಂದರು. ಆಟಗಾರರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತಾ, ಕಲ್ಪನೆಯ ಲೋಕವೊಂದರಲ್ಲಿ ಕಥೆ ನಡೆಸುವ ರೋಲ್‌ಪ್ಲೇ ಆಟ ಇದು. ಮೂರನೆಯ ಪುಸ್ತಿಕೆಯ ಕೊನೆಯಲ್ಲಿ ಒಂದು ವಿನಂತಿ ಇದೆ. ತೀರಾ ದಾರಿ ಕಾಣದೆ ಹೋದಾಗಲಷ್ಟೇ ನಮಗೆ ಪತ್ರ ಬರೆಯಿರಿ, ಇಲ್ಲವಾದರೆ ನಿಮಗೆ ಹೇಗೆ ಬೇಕೋ ಹಾಗೆ ನೀವೇ ತೀರ್ಮಾನಿಸಿಕೊಳ್ಳಿ ಎಂಬುದು ಅದರ ತಾತ್ಪರ್ಯ. ಆದರೂ ಜನ ಬರೆದರು, ಬರೆಯುತ್ತಲೇ ಹೋದರು. ಗೈಗ್ಯಾಕ್ಸ್ ಕೂಡ ಉತ್ತರಿಸುವುದನ್ನು ಬಿಡಲಿಲ್ಲ. 2008ರಲ್ಲಿ ತೀರಿಹೋಗುವವರೆಗೂ ಅಂತರ್ಜಾಲದಲ್ಲಿ ಆಟಗಾರರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು.

ಜನ ಯಾಕೆ ಕೇಳುತ್ತಾರೆ ಅನ್ನುವುದು ಆಟ ನಡೆಸಿದವರಿಗೆ ಗೊತ್ತು. ಕಾದಂಬರಿ ಓದುವವರಿಗೆ ಸಂದೇಹ ಬಂದರೆ ಮುಂದಿನ ಪುಟಕ್ಕೆ ಹೋಗಬಹುದು. ಆ ಲೋಕವನ್ನು ವಿವರಿಸಿ ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಆ ಅನುಕೂಲ ಇಲ್ಲ. ಮೇಜಿನ ಸುತ್ತ ನಾಲ್ಕೈದು ಜನ ಕುಳಿತಿರುತ್ತಾರೆ, ಅವರಲ್ಲೊಬ್ಬರು 'ಈ ಊರಲ್ಲಿ ಸತ್ತವರನ್ನ ಸುಡ್ತಾರಾ, ಹೂಳ್ತಾರಾ?' ಅಂತ ಕೇಳುತ್ತಾರೆ. ಪುಸ್ತಕದಲ್ಲಿ ಆ ಊರಿನ ಬಗ್ಗೆ ಇರುವುದು ಎರಡು ಸಾಲು. ಉತ್ತರ ಹತ್ತು ಸೆಕೆಂಡಿನಲ್ಲಿ ಬೇಕು. ಆ ಕ್ಷಣಕ್ಕೆ ಏನೋ ಒಂದು ಹೇಳಿ ಆಟ ಮುಂದುವರಿಸುತ್ತೀರಿ. ಮನೆಗೆ ಹೋದ ಮೇಲೆ, ಈ ಲೋಕ ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೋ ಅನ್ನುವ ಕುತೂಹಲ ಉಳಿದುಬಿಡುತ್ತದೆ. ಅಂಥ ಕುತೂಹಲದಿಂದ ಹುಟ್ಟಿದ ಪ್ರಶ್ನೆಯೇ ಒಳ್ಳೆಯ ಪ್ರಶ್ನೆ. ಮುಂದಿನ ವಾರ ನಿಮ್ಮ ಮೇಜಿನಲ್ಲಿ ಯಾವ ವ್ಯತ್ಯಾಸವನ್ನೂ ಮಾಡದ ಪ್ರಶ್ನೆಯನ್ನು ಲೋಕ ಕಟ್ಟಿದವರ ಮುಂದೆ ಇಡಬೇಡಿ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲಿಗೆ, ಯಾರನ್ನು ಏನು ಕೇಳಬೇಕು ಅನ್ನುವುದು. ಲೋಕ ಒಬ್ಬರದು, ನಿಯಮ ಇನ್ನೊಬ್ಬರದು ಆಗಿರುವುದು ಈ ಆಟಗಳಲ್ಲಿ ಸಾಮಾನ್ಯ. ಗ್ಲೊರಾಂಥಾ ಎಂಬ ಲೋಕವನ್ನು ಗ್ರೆಗ್ ಸ್ಟಾಫರ್ಡ್ 1966ರಲ್ಲಿ, ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಬರೆಯಲು ತೊಡಗಿದರು. ಅದೇ ಲೋಕದಲ್ಲಿ ನಡೆಯುವ ರೂನ್‌ಕ್ವೆಸ್ಟ್ ಆಟದ ನಿಯಮಗಳು 1978ರಲ್ಲಿ ಬಂದವು. ಅವನ್ನು ರೂಪಿಸಿದವರು ಸ್ಟೀವ್ ಪೆರಿನ್ ಮತ್ತು ಜೊತೆಗಾರರು. ಕತ್ತಿಯ ಏಟಿಗೆ ಎಷ್ಟು ಪಾಯಿಂಟ್ ಕಳೆಯಬೇಕು ಎಂದು ಸ್ಟಾಫರ್ಡ್‌ರನ್ನು ಕೇಳುವುದು, ಮನೆ ಕಟ್ಟಿದ ಮೇಸ್ತ್ರಿಯನ್ನು ಮನೆದೇವರ ಬಗ್ಗೆ ಕೇಳಿದಂತೆ. ನಿಮ್ಮ ಪ್ರಶ್ನೆಯಲ್ಲಿ ದಾಳ, ಅಂಕಿ, ಪಾಯಿಂಟ್ ಎಂಬ ಶಬ್ದ ಬಂತೆಂದರೆ ಅದು ನಿಯಮದ ಪ್ರಶ್ನೆ ಎಂದು ಬೇರೆ ತೆಗೆದಿಡಿ. ಊಟ, ಸುಂಕ, ದೇವರು, ಮದುವೆ, ಹೆಣ, ಜಗಳ ಬಂದರೆ ಲೋಕದ ಪ್ರಶ್ನೆ. ಇಷ್ಟು ಗುರುತು ಸಾಕು.

ಇನ್ನು ಬರುವ ಉತ್ತರ ಯಾರ ಬಾಯಿಂದ ಬರುತ್ತಿದೆ ಅನ್ನುವುದು. ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಕೊಡಗಿನದೇ ಉದಾಹರಣೆ ತೆಗೆದುಕೊಳ್ಳಿ. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವ ಎಷ್ಟು ಹೊತ್ತಿಗೆ ಎಂದು ಕೇಳಿದರೆ ಪಂಚಾಂಗ ನೋಡಿ ಗಂಟೆ, ನಿಮಿಷ ಹೇಳುತ್ತಾರೆ. ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಉಡುವುದೇಕೆ ಎಂದು ಕೇಳಿದರೆ, ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದಕ್ಕೆ ಸರಿಯಿತು ಎಂಬ ಕಥೆ ಬರುತ್ತದೆ. ಗುಡ್ಡ ಹತ್ತಿ ಗದ್ದೆಗಿಳಿದು ದುಡಿಯುವವರಿಗೆ ಹಾಗೆ ಉಡುವುದೇ ಅನುಕೂಲ ಎಂದು ವಿವರಿಸುವವರೂ ಇದ್ದಾರೆ. ಮೂರೂ ಉತ್ತರಗಳೇ. ಮೊದಲನೆಯದು ಲೆಕ್ಕದ ಉತ್ತರ, ಎರಡನೆಯದು ಆ ನಂಬಿಕೆಯೊಳಗೆ ಬದುಕುವವರ ಉತ್ತರ, ಮೂರನೆಯದು ಹೊರಗೆ ನಿಂತು ನೋಡುವವರದು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಜಗಳಕ್ಕೆ ನಿಂತರೆ ಜಗಳ ಮುಗಿಯುವುದೇ ಇಲ್ಲ.

ಕಲ್ಪನೆಯ ಲೋಕದಲ್ಲೂ ಹೀಗೆಯೇ. ಫರ್ಗಾಟನ್ ರೆಲ್ಮ್ಸ್ ಎಂಬ ಲೋಕ ಕಟ್ಟಿದ ಎಡ್ ಗ್ರೀನ್‌ವುಡ್ ಅದನ್ನು ಬಹಳ ಯೋಚಿಸಿ ಬಳಸಿಕೊಂಡರು. ಹುಡುಗನಾಗಿದ್ದಾಗಲೇ ಕಥೆಗಳಿಗಾಗಿ ಹುಟ್ಟಿಸಿಕೊಂಡ ಈ ಲೋಕ 1987ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕಾಗಿ ಪೆಟ್ಟಿಗೆಯ ರೂಪದಲ್ಲಿ ಹೊರಬಂತು. 1990ರ ದಶಕದಲ್ಲಿ ಅದೇ ಲೋಕದ ಊರೂರುಗಳಿಗೆ ಪ್ರವಾಸಿ ಕೈಪಿಡಿಗಳು ಬಂದವು. ಅವನ್ನು ಬರೆದವನು ವೊಲೊ ಎಂಬ ಪಾತ್ರ. ಬಾಯಿ ದೊಡ್ಡದು, ಕೇಳಿದ್ದನ್ನೆಲ್ಲ ಬರೆಯುತ್ತಾನೆ. ಅವನ ಬರಹಕ್ಕೆ ಅಲ್ಲಲ್ಲಿ ಟಿಪ್ಪಣಿ ಹಾಕಿ ತಿದ್ದುವವನು ಎಲ್ಮಿನ್‌ಸ್ಟರ್ ಎಂಬ ಮುದಿ ಮಾಂತ್ರಿಕ, ಅವನೂ ಪಾತ್ರವೇ. ಅಂದರೆ ಪುಸ್ತಕದಲ್ಲಿ ಅಚ್ಚಾಗಿದೆ ಎಂಬ ಕಾರಣಕ್ಕೆ ಅದು ನಿಜ ಆಗಬೇಕಿಲ್ಲ, ಅದು ವೊಲೊ ಹೇಳಿದ್ದು ಅಷ್ಟೆ. ನಿಮ್ಮ ಮೇಜಿನಲ್ಲಿ ಆ ಹೋಟೆಲಿನ ಯಜಮಾನ ಬೇರೆಯವನಾಗಿದ್ದರೆ ವೊಲೊ ತಪ್ಪು ತಿಳಿದಿದ್ದ ಎಂದರಾಯಿತು, ಲೋಕಕ್ಕೆ ಯಾವ ಗಾಯವೂ ಆಗುವುದಿಲ್ಲ. ಸ್ಟಾಫರ್ಡ್ ಇನ್ನೂ ಮುಂದೆ ಹೋದರು. ಗ್ಲೊರಾಂಥಾದ ಒಂದೇ ಪುರಾಣವನ್ನು ಗಾಳಿಯ ದೇವರ ಜನ ಒಂದು ಥರ ಹೇಳುತ್ತಾರೆ, ಸೂರ್ಯನ ಜನ ಇನ್ನೊಂದು ಥರ. ಒಬ್ಬರಿಗೆ ಸಾಹಸಿಯಾದವನು ಇನ್ನೊಬ್ಬರಿಗೆ ಕೊಲೆಗಾರ. ಎರಡನ್ನೂ ಅಚ್ಚು ಹಾಕಿಸಿ, ಯಾವುದು ನಿಜವೆಂದು ಹೇಳದೆ ಬಿಟ್ಟರು.

ಹೀಗಾಗಿ ಉತ್ತರ ಬಂದ ಕೂಡಲೇ ಇನ್ನೊಂದು ಪ್ರಶ್ನೆ ಕೇಳಿಬಿಡಿ: 'ಇದು ನೀವು ಹೇಳುತ್ತಿರುವುದೋ, ಆ ಊರಿನವರು ನಂಬಿರುವುದೋ?' ಈ ಒಂದು ವಾಕ್ಯ ಕೇಳದೆ ಇದ್ದುದರಿಂದ ಅಭಿಮಾನಿಗಳ ನಡುವೆ ವರ್ಷಗಟ್ಟಲೆ ವಾದಗಳು ನಡೆದಿವೆ.

ಕನ್ನಡದಲ್ಲಿ ಬರೆದಿಡುವವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ. ನಮಗೆ 'ಅಂತೆ' ಇದೆ. ಉತ್ತರ ಕರ್ತೃವಿನದೇ, ಅಂದರೆ ಲೋಕ ಕಟ್ಟಿದವರದೇ ಆದರೆ 'ಕಾಡಿನ ನಡುವೆ ಗುಡಿ ಇದೆ' ಎಂದು ಬರೆಯಿರಿ. ಆ ಲೋಕದ ಜನರ ಮಾತಾದರೆ 'ಗುಡಿ ಇದೆಯಂತೆ'. ಕರ್ತೃವೇ ತಡವರಿಸಿ, ಯೋಚಿಸಿ ಹೇಳಿದ್ದಾದರೆ 'ಗುಡಿ ಇರಬಹುದು'. ಇಂಗ್ಲಿಷಿನಲ್ಲಿ ಇದನ್ನು ತಿಳಿಸಲು ಅರ್ಧ ಸಾಲು ಬೇಕು, ನಮಗೆ ಕ್ರಿಯಾಪದದ ಬಾಲ ಸಾಕು. ಆದರೆ ಅಪಾಯವೂ ಇಲ್ಲೇ ಇದೆ. ಇಂಗ್ಲಿಷ್ ಉತ್ತರವನ್ನು ಕನ್ನಡಕ್ಕೆ ತರುವಾಗ ಮೊದಲು ಉದುರಿಹೋಗುವುದು ಈ ಬಾಲವೇ. ಅವರು 'ಬಹುಶಃ' ಎಂದು ಶುರುಮಾಡಿದ್ದನ್ನು ಒಬ್ಬರು 'ಇದೆ' ಎಂದು ಬರೆದುಕೊಳ್ಳುತ್ತಾರೆ. ಅದನ್ನು ಓದಿದವರು 'ಇದೆ ಎಂದು ಕರ್ತೃವೇ ಹೇಳಿದ್ದಾರೆ' ಎನ್ನುತ್ತಾರೆ. ಎರಡು ಕೈ ದಾಟುವಷ್ಟರಲ್ಲಿ ಊಹೆ ಶಾಸನವಾಗಿರುತ್ತದೆ. ಅನುವಾದ ಮುಗಿದ ಮೇಲೆ ಇನ್ನೊಬ್ಬರು ಕುಳಿತು ಬರೀ ಕ್ರಿಯಾಪದಗಳನ್ನು ಮೂಲದ ಜೊತೆ ಹೋಲಿಸಿ ನೋಡಬೇಕು. ಒಂದು ಗಂಟೆಯ ಮಾತಿಗೆ ಈ ಕೆಲಸ ಅರ್ಧ ದಿನ ಹಿಡಿಯುತ್ತದೆ, ಅಷ್ಟು ಹೊತ್ತು ಕೊಡಿ.

ಭಾಷೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಕನ್ನಡದಲ್ಲಿ ಆಡುವವರಿಗೆ ಇಂಗ್ಲಿಷಿನಲ್ಲಿ ಆಡುವವರಿಗೆ ಹೊಳೆಯದ ಪ್ರಶ್ನೆಗಳು ಹೊಳೆಯುತ್ತವೆ. ನಾವು ಒಬ್ಬರ ಜೊತೆ ಮಾತು ಶುರುಮಾಡುವ ಮೊದಲೇ ನೀನು, ನೀವು, ತಾವು ಇವುಗಳಲ್ಲಿ ಒಂದನ್ನು ಆರಿಸಿಕೊಂಡಿರಬೇಕು. ರಾಜ ತನ್ನ ಗುರುವನ್ನು ಏನೆನ್ನುತ್ತಾನೆ? ಗುರು ರಾಜನನ್ನು? ಗಂಡ ಹೆಂಡತಿಯನ್ನು? ಟೆಕುಮೆಲ್ ಎಂಬ ಲೋಕ ಕಟ್ಟಿದ ಎಂ. ಎ. ಆರ್. ಬಾರ್ಕರ್ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರಾಗಿದ್ದರು. 1975ರಲ್ಲಿ ಆ ಲೋಕದ ಆಟ ಅಚ್ಚಾದಾಗ ಅದರ ಹಿಂದೆ ವ್ಯಾಕರಣವೂ ಲಿಪಿಯೂ ಇರುವ ಟ್ಸೋಲ್ಯಾನಿ ಎಂಬ ಭಾಷೆ ಇತ್ತು. ಆ ಭಾಷೆಯಲ್ಲಿ ಎದುರಿಗಿರುವವರನ್ನು ಕರೆಯಲು ಅಂತಸ್ತಿಗೆ ತಕ್ಕಂತೆ ಹಲವು ಸರ್ವನಾಮಗಳಿವೆ. ಅಂಥ ಲೋಕವನ್ನು ಆಡುವವರಿಗೆ 'ಗುಡಿಯ ಅಧಿಕಾರಿಯನ್ನು ನನ್ನ ಪಾತ್ರ ಏನೆಂದು ಕರೆಯಬೇಕು' ಎಂಬುದು ಬದುಕು ಸಾವಿನ ಪ್ರಶ್ನೆ. ಉಳಿದ ಎಷ್ಟೋ ಲೋಕಗಳಲ್ಲಿ ಇದನ್ನು ಬರೆದಿಟ್ಟಿರುವುದಿಲ್ಲ. ನೀವು ಕೇಳಿದರೆ ಕರ್ತೃ ಮೊದಲ ಬಾರಿಗೆ ಅದನ್ನು ಯೋಚಿಸುತ್ತಾರೆ, ಹಾಗೆ ಯೋಚಿಸುವಾಗ ಬರುವ ಮಾತುಗಳೇ ಒಂದು ಸಂವಾದದ ಅತಿ ಬೆಲೆಯುಳ್ಳ ಭಾಗ.

ಸಂಬಂಧದ ಹೆಸರುಗಳೂ ಹೀಗೆಯೇ. ಇಂಗ್ಲಿಷ್ ಪುಸ್ತಕದಲ್ಲಿ ಸಹೋದರ ಎಂದಿದ್ದರೆ ನಮಗೆ ಅಣ್ಣನೋ ತಮ್ಮನೋ ತಿಳಿಯದೆ ಬಾಯಿ ತೆರೆಯಲಾಗುವುದಿಲ್ಲ. ಗ್ಲೊರಾಂಥಾದಲ್ಲಿ ಗಾಳಿ ದೇವರುಗಳ ಅಣ್ಣತಮ್ಮಂದಿರಲ್ಲಿ ಓರ್ಲಾಂತ್ ಎಲ್ಲರಿಗಿಂತ ಕಿರಿಯವನು, ಅದು ಬರೆದಿದೆ. ಸಾವಿನ ಕತ್ತಿ ಹಿಡಿದ ಹುಮಾಕ್ಟ್ ಅವನಿಗೆ ಅಣ್ಣ. ಆ ಸಾವನ್ನೇ ಬಳಸಿ ಓರ್ಲಾಂತ್ ಸೂರ್ಯನಾದ ಯೆಲ್ಮ್‌ನನ್ನು ಕೊಂದ. ಆಮೇಲೆ ಹುಮಾಕ್ಟ್ ತನ್ನ ಬಳಗದೊಡನೆ ರಕ್ತಸಂಬಂಧವನ್ನೇ ಕಡಿದುಕೊಂಡ. ಈಗ ಕನ್ನಡದಲ್ಲಿ ಈ ಪುರಾಣ ಆಡುವವರಿಗೆ ಪ್ರಶ್ನೆ ಎದುರಾಗುತ್ತದೆ: ಸಂಬಂಧ ಕಡಿದುಕೊಂಡವನನ್ನು ಓರ್ಲಾಂತ್ ಮುಂದೆಯೂ 'ಅಣ್ಣ' ಎನ್ನುತ್ತಾನೋ? ಅವನು 'ಅಣ್ಣ' ಎಂದರೆ ಹುಮಾಕ್ಟ್ ತಿರುಗಿ ನೋಡುತ್ತಾನೋ? ಹೆಸರು ಹಿಡಿದು ಕರೆಯುವ ಇಂಗ್ಲಿಷಿನಲ್ಲಿ ಈ ಪ್ರಶ್ನೆ ಹುಟ್ಟುವುದು ಕಷ್ಟ. ಒಕ್ಕ (ಕೊಡವರ ಕುಲ), ಐನ್‌ಮನೆ (ಕುಲದ ಮೂಲಮನೆ), ಕಾರೋಣ (ಕುಲದ ಮೂಲಪುರುಷ) ಎಂದರೆ ಏನೆಂದು ಬಲ್ಲ ಈ ಸಭೆಯಲ್ಲಿ ಅದರ ಭಾರವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಗ್ಲೊರಾಂಥಾದ ಗುಡ್ಡಗಾಡು ಜನರೂ ಕುಲಕುಲವಾಗಿ ಬದುಕುವವರು. ಹಾಗಾದರೆ ಮದುವೆಯಾಗಿ ಬೇರೆ ಕುಲಕ್ಕೆ ಹೋದ ಮಗಳು ತವರಿನ ಹಿರಿಯರಿಗೆ ಎಡೆ ಇಡಬಹುದೇ? ಗಂಡ ಸತ್ತು ಹಿಂದಿರುಗಿದರೆ ಅವಳು ಯಾವ ಕುಲದವಳು? ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಇಲ್ಲಿ ಬೆಳೆದವರು ಕಲ್ಪನೆಯ ನಕ್ಷೆಯಲ್ಲಿ ಹಸಿರು ಬಣ್ಣ ಕಂಡ ಕೂಡಲೇ 'ಈ ಕಾಡು ಯಾವ ದೇವರದು, ಇಲ್ಲಿ ಕೊಡಲಿ ಹಾಕಿದವನಿಗೆ ಊರು ಏನು ಮಾಡುತ್ತದೆ' ಎಂದು ಕೇಳಬಲ್ಲರು. ಇಂಥವನ್ನೇ ಕೇಳಿ. ಎಲ್ಲರೂ ಕೇಳುವುದನ್ನು ಕೇಳಲು ನಾವೇ ಬೇಕಿಲ್ಲ.

ಪ್ರಶ್ನೆಯ ಅಳತೆಗೆ ಬರೋಣ. ಮೂರು ವಾಕ್ಯ ಸಾಕು. ಒಂದನೆಯದರಲ್ಲಿ ನಿಮಗೆ ಈಗಾಗಲೇ ಗೊತ್ತಿರುವುದು, ಯಾವ ಪುಸ್ತಕದ ಯಾವ ಪುಟದಿಂದ ಎಂಬುದರ ಸಮೇತ. ಎರಡನೆಯದರಲ್ಲಿ ಮೇಜಿನಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೀರಿ ಅನ್ನುವುದು. ಮೂರನೆಯದು ಪ್ರಶ್ನೆ, ಒಂದೇ ಒಂದು. ಫರ್ಗಾಟನ್ ರೆಲ್ಮ್ಸ್‌ನಲ್ಲಿ ಕಾರ್ಮಿಯರ್ ಎಂಬ ರಾಜ್ಯ ಇದೆ. 'ಕಾರ್ಮಿಯರ್‌ನಲ್ಲಿ ಕಾನೂನು ಹೇಗೆ?' ಎಂದು ಕೇಳಿದರೆ ಕರ್ತೃ ಹತ್ತು ನಿಮಿಷ ಮಾತಾಡುತ್ತಾರೆ, ಅದರಲ್ಲಿ ಒಂಬತ್ತು ನಿಮಿಷದ್ದು ಪುಸ್ತಕದಲ್ಲೇ ಇರುತ್ತದೆ. ಹೀಗೆ ಕೇಳಿ ನೋಡಿ: 'ಶಸ್ತ್ರಧಾರಿಗಳ ತಂಡಕ್ಕೆ ರಾಜನ ಪರವಾನಗಿ ಪತ್ರ ಬೇಕು, ಕತ್ತಿಯನ್ನು ಒರೆಗೆ ಬಿಗಿದು ಕಟ್ಟಿರಬೇಕು ಎಂದು ಓದಿದ್ದೇವೆ. ನಮ್ಮ ತಂಡ ಹೊಳೆ ದಾಟುವಾಗ ಪತ್ರ ನೀರುಪಾಲಾಯಿತು, ಈಗ ಪಟ್ಟಣದ ಹೆಬ್ಬಾಗಿಲ ಮುಂದೆ ನಿಂತಿದ್ದಾರೆ. ಕಾವಲುಗಾರ ಮೊದಲು ಏನು ಮಾಡುತ್ತಾನೆ?' ಗಮನಿಸಿ, ಕಾನೂನು ಏನು ಹೇಳುತ್ತದೆ ಎಂದು ಕೇಳಲಿಲ್ಲ, ಕಾವಲುಗಾರ ಏನು ಮಾಡುತ್ತಾನೆ ಎಂದು ಕೇಳಿದ್ದು. ಕರ್ತೃ ಆ ಕಾವಲುಗಾರನನ್ನು ಕಣ್ಣಮುಂದೆ ತಂದುಕೊಳ್ಳಲೇಬೇಕು. ಅವನಿಗೆ ಓದು ಬರುತ್ತದೋ, ಮೇಲಿನವರಿಗೆ ಹೆದರುತ್ತಾನೋ, ಕಾಸಿಗೆ ಕೈಚಾಚುತ್ತಾನೋ ಎಲ್ಲವೂ ಆ ಉತ್ತರದ ಜೊತೆ ತಾನಾಗಿ ಬರುತ್ತದೆ. ನಿಮಗೆ ಬೇಕಾದ ಕಾನೂನೂ ಅದರೊಳಗೇ ಇರುತ್ತದೆ.

ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. ಇಬ್ಬರಲ್ಲಿ ಯಾರು ಬಲಶಾಲಿ ಎಂಬುದು ಬೇಡ. ಇಪ್ಪತ್ತು ವರ್ಷದ ಹಿಂದೆ ನೀವು ಹೀಗೆಂದಿದ್ದಿರಿ, ಈಗ ಹೀಗೆನ್ನುತ್ತೀರಿ ಎಂದು ಪಾಟೀಸವಾಲು ಹಾಕುವುದು ಖಂಡಿತ ಬೇಡ. ಲೋಕ ಕಟ್ಟುವವರು ಮನಸ್ಸು ಬದಲಿಸುತ್ತಾರೆ, ಬದಲಿಸಬೇಕು ಕೂಡ. ಯಾವಾಗ, ಯಾಕೆ ಬದಲಾಯಿತು ಎಂದು ಕೇಳಿದರೆ ಅದು ಒಳ್ಳೆಯ ಪ್ರಶ್ನೆಯೇ.

ಎರಡು ವಿಷಯಗಳಲ್ಲಿ ಮಾತ್ರ ಬಹಳ ಎಚ್ಚರ ಬೇಕು. ನಿಮ್ಮ ಸ್ವಂತ ಕಥೆಯನ್ನು ಪ್ರಶ್ನೆಯ ವೇಷದಲ್ಲಿ ಹೇಳಬೇಡಿ. 'ಸತ್ತ ರಾಣಿ ನಿಜಕ್ಕೂ ಸತ್ತಿಲ್ಲ, ಅವಳೇ ಆ ಸನ್ಯಾಸಿನಿ ಎಂದಾದರೆ ಹೇಗಿರುತ್ತದೆ?' ಎಂದು ನೀವು ಕೇಳಿದಿರಿ ಅನ್ನಿ. ಮುಂದೆ ಅವರೇ ಅಂಥದೊಂದು ಬರೆದರೆ, ನಮ್ಮಿಂದ ತೆಗೆದುಕೊಂಡರು ಎಂಬ ತಕರಾರಿಗೆ ದಾರಿಯಾಗುತ್ತದೆ. ಈ ಭಯದಿಂದಲೇ ಅಭಿಮಾನಿಗಳ ಕಥೆ ಓದುವುದನ್ನು ಬಿಟ್ಟ ಕರ್ತೃಗಳಿದ್ದಾರೆ. ಇಂಥದ್ದು ಕಿವಿಗೆ ಬಿದ್ದ ಕೂಡಲೇ ಅವರು ಮಾತು ನಿಲ್ಲಿಸಬೇಕಾಗಬಹುದು, ಉಳಿದವರ ಸಂಜೆಯೂ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು, ಮುಂದೆ ಬರುವ ಪುಸ್ತಕದ ವಿಷಯ ಕೆದಕುವುದು. ಲೋಕ ಕಟ್ಟಿದವರು ಅದರ ಒಡೆಯರಾಗಿಯೇ ಇರುತ್ತಾರೆ ಎಂದೇನಿಲ್ಲ. ಗ್ರೀನ್‌ವುಡ್ ತಮ್ಮ ಲೋಕವನ್ನು ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸುತ್ತಿದ್ದ ಟಿಎಸ್‌ಆರ್ ಕಂಪನಿಗೆ ಮಾರಿದ್ದರು, 1997ರಲ್ಲಿ ಆ ಕಂಪನಿಯನ್ನೇ ವಿಜಾರ್ಡ್ಸ್ ಆಫ್ ದ ಕೋಸ್ಟ್ ಎಂಬ ಇನ್ನೊಂದು ಕಂಪನಿ ಕೊಂಡುಕೊಂಡಿತು. ಏನು ಹೇಳಬಹುದು, ಏನು ಹೇಳಬಾರದು ಎಂಬ ಒಪ್ಪಂದಕ್ಕೆ ಕರ್ತೃ ಸಹಿ ಹಾಕಿರುತ್ತಾರೆ. 'ಅದನ್ನು ಹೇಳುವಂತಿಲ್ಲ' ಎಂದರೆ ಅಲ್ಲಿಗೆ ಬಿಟ್ಟುಬಿಡಿ. ಮುಖ ನೋಡಿ ಊಹೆ ಮಾಡಿ ಅದನ್ನು ಬರೆದು ಹರಡುವುದು ಅವರಿಗೆ ಮಾಡುವ ದ್ರೋಹ.

ಇನ್ನು ಏರ್ಪಾಟಿನ ಮಾತು. ಒಂದೂವರೆ ಗಂಟೆಯ ಸಂವಾದ ಎಂದಿಟ್ಟುಕೊಳ್ಳಿ. ಒಂದು ಪ್ರಶ್ನೆ, ಅದರ ಉತ್ತರ, ಮೇಲೊಂದು ಮರುಪ್ರಶ್ನೆ ಸೇರಿ ಆರು ನಿಮಿಷ ಹಿಡಿಯುತ್ತದೆ. ಹನ್ನೆರಡು ಪ್ರಶ್ನೆಗೆ 72 ನಿಮಿಷ ಆಯಿತು. ಉಳಿದ 18 ನಿಮಿಷ ಪರಿಚಯಕ್ಕೆ, ಕೊನೆಯಲ್ಲಿ ಚೀಟಿಯಲ್ಲಿ ಬರುವ ಪ್ರಶ್ನೆಗಳಿಗೆ. ಇದಕ್ಕಿಂತ ಹೆಚ್ಚು ತುರುಕಿದರೆ ಎಲ್ಲ ಉತ್ತರಗಳೂ ಗಿಡ್ಡವಾಗುತ್ತವೆ. ಒಂದು ತಿಂಗಳು ಮೊದಲೇ ಪ್ರಶ್ನೆ ಬರೆಸಿಕೊಳ್ಳಿ. ಐವತ್ತು ಬಂದರೆ ನಿಯಮದವು, ಪುಸ್ತಕದಲ್ಲೇ ಉತ್ತರ ಇರುವವು, ಹಿಂದೆ ಬೇರೆಲ್ಲೋ ಉತ್ತರಿಸಿದವು ಹೋಗಿ ಇಪ್ಪತ್ತು ಉಳಿದಾವು. ಒಂದೇ ಥರದವನ್ನು ಸೇರಿಸಿ ಹನ್ನೆರಡು ಮಾಡಿ, ಇನ್ನು ನಾಲ್ಕು ಸಮಯ ಉಳಿದರೆ ಕೇಳಲು ಕೈಯಲ್ಲಿರಲಿ. ಹತ್ತು ದಿನ ಮುಂಚೆ ಪಟ್ಟಿಯನ್ನು ಕರ್ತೃವಿಗೆ ಕಳಿಸಿ. ಹಾಗೆ ಕಳಿಸಿದರೆ ಸಹಜತೆ ಹೋಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಟಿಪ್ಪಣಿ ಪುಸ್ತಕ ತೆಗೆದು ನೋಡಲು ಅವರಿಗೆ ಸಮಯ ಸಿಗುತ್ತದೆ, ನಲವತ್ತು ವರ್ಷದ ಹಿಂದೆ ಬರೆದಿಟ್ಟದ್ದು ಯಾರಿಗೂ ಬಾಯಿಗೆ ಬಂದಿರುವುದಿಲ್ಲ. ಮೊದಲ ಎರಡು ಪ್ರಶ್ನೆ ಊಟ, ಬಟ್ಟೆ, ಬೀದಿಯಂಥ ಸಣ್ಣ ವಿಷಯದ್ದಿರಲಿ. ಮಾತು ಬಿಸಿಯಾದ ಮೇಲೆ ದೇವರು, ಸಾವು. ಜಗಳದ ವಿಷಯ ಇದ್ದರೆ ಎಂಟನೆಯದೋ ಒಂಬತ್ತನೆಯದೋ ಆಗಲಿ, ಕೊನೆಗೆ ಇಡಬೇಡಿ, ಆ ಕಹಿಯಲ್ಲೇ ಸಭೆ ಮುಗಿದುಹೋಗುತ್ತದೆ.

ವಿಡಿಯೊ ಕರೆಯಾದರೆ ಗಡಿಯಾರದ ಲೆಕ್ಕ ಬರೆದಿಟ್ಟುಕೊಳ್ಳಿ. ಕರ್ತೃ ಕೆನಡಾದ ಟೊರಾಂಟೊದಲ್ಲಿದ್ದಾರೆ ಅನ್ನಿ. ಅಲ್ಲಿ ಬೇಸಿಗೆಯ ಬೆಳಗ್ಗೆ 9 ಗಂಟೆ ಅಂದರೆ ನಮಗೆ ಸಂಜೆ 6.30. ಚಳಿಗಾಲದಲ್ಲಿ ಅದೇ 9 ಗಂಟೆ ನಮಗೆ 7.30. ಮಾರ್ಚಿನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ ಅವರ ಗಡಿಯಾರ ಸರಿಯುತ್ತದೆ, ನಮ್ಮದು ಸರಿಯುವುದಿಲ್ಲ. ಈ ಎರಡು ವಾರಾಂತ್ಯಗಳನ್ನು ಬಿಟ್ಟುಬಿಡಿ. ನಮ್ಮ ಕಡೆಯ ಕಾಲವನ್ನೂ ನೋಡಬೇಕು. ಜೂನ್, ಜುಲೈ, ಆಗಸ್ಟಿನಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ನವೆಂಬರಿನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೋಬಸ್ಟಾ, ತೋಟದವರು ಬರುವುದು ಕಷ್ಟ. ಸೆಪ್ಟೆಂಬರಿನ ಕೈಲ್‌ಮುಹೂರ್ತ, ಅಂದರೆ ಕೊಡವರ ಆಯುಧಪೂಜೆಯ ಹಬ್ಬ ಕಳೆದು ಮಡಿಕೇರಿ ದಸರಾ ಶುರುವಾಗುವ ಮುಂಚಿನ ವಾರಗಳು ಅನುಕೂಲ. ಆಗಲೂ ರೌಟರ್‌ಗೆ ಯುಪಿಎಸ್ ಇರಲಿ. ಬೇರೆ ಬೇರೆ ಕಂಪನಿಯ ಸಿಮ್ ಇರುವ ಎರಡು ಫೋನು ಹಾಟ್‌ಸ್ಪಾಟಿಗೆ ತಯಾರಿರಲಿ. ಹೆಂಚಿನ ಮಾಡು, ತಗಡಿನ ಮಾಡು ಇರುವ ಜಾಗದಲ್ಲಿ ಮಳೆ ಹಿಡಿದರೆ ಸ್ಪೀಕರಿನ ಮುಂದೆ ಇಟ್ಟ ಫೋನಿನಲ್ಲಿ ಬರೀ ಮಳೆಯ ಸದ್ದು ದಾಖಲಾಗುತ್ತದೆ. ಧ್ವನಿಮುದ್ರಣವನ್ನು ಕಂಪ್ಯೂಟರಿನ ಒಳಗೇ ಮಾಡಿ, ಫೋನು ಎರಡನೆಯ ಪ್ರತಿಗಷ್ಟೇ ಇರಲಿ. ಕರೆ ಪೂರ್ತಿ ಕಡಿದುಹೋದರೆ, ಕರ್ತೃವಿನ ಹತ್ತಿರ ಪಟ್ಟಿ ಇರುವುದರಿಂದ ಉಳಿದ ಉತ್ತರಗಳನ್ನು ಅವರೇ ಮಾತಾಡಿ ಮುದ್ರಿಸಿ ಕಳಿಸಬಹುದು. ಪಟ್ಟಿ ಮೊದಲೇ ಕಳಿಸಿ ಎಂದದ್ದಕ್ಕೆ ಇದೂ ಕಾರಣ. ಮುದ್ರಿಸಿಕೊಳ್ಳಲು, ಪ್ರಕಟಿಸಲು ಎರಡಕ್ಕೂ ಬೇರೆ ಬೇರೆಯಾಗಿ ಒಪ್ಪಿಗೆ ಕೇಳಿ, ಬರಹದಲ್ಲಿ ಪಡೆಯಿರಿ.

ಮುಗಿದ ಮೇಲೆ ಪ್ರತಿ ಉತ್ತರಕ್ಕೂ ಒಂದು ಚೀಟಿ. ಪರವಾನಗಿ ಪತ್ರದ ಪ್ರಶ್ನೆಗೆ ಅದು ಹೀಗಿರಬೇಕು: ಕೇಳಿದ ದಿನಾಂಕ, ನೇರ ಕರೆಯೋ ಪತ್ರವೋ, ಆ ಲೋಕದ ಯಾವ ವರ್ಷಕ್ಕೆ ಸಂಬಂಧಿಸಿದ್ದು, ಯಾರ ಬಾಯಿ, ಅಂದರೆ ಕರ್ತೃವಿನದೋ ಕಾವಲುಗಾರನದೋ, ಇದೆ, ಇದೆಯಂತೆ, ಇರಬಹುದು ಇವುಗಳಲ್ಲಿ ಯಾವುದು, ಮುದ್ರಣದ ಎಷ್ಟನೇ ನಿಮಿಷ, ಆಮೇಲೆ ಅವರು ಆಡಿದ ಮಾತು ಹಾಗೇ, ಕೆಳಗೆ ಕನ್ನಡ. ಪ್ರಕಟಿಸುವ ಮೊದಲು ಒಂದು ವಾರ ಅವರ ಕಣ್ಣಿಗೆ ಬಿಡಿ. ಅವರು ತಿದ್ದಿದರೆ ತಿದ್ದಿದ್ದನ್ನು ಸೇರಿಸಿ, ಹಳೆಯದನ್ನು ಅಳಿಸದೆ ನಿಮ್ಮ ಪ್ರತಿಯಲ್ಲಿ ಇಟ್ಟುಕೊಳ್ಳಿ.

ಲೋಕದ ವರ್ಷ ಯಾಕೆ ಬರೆಯಬೇಕು ಎಂದರೆ, ಲೋಕಗಳನ್ನು ಮುಂದಕ್ಕೆ ತಳ್ಳುತ್ತಾರೆ. 2008ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ನಾಲ್ಕನೇ ಆವೃತ್ತಿ ಬಂದಾಗ ಫರ್ಗಾಟನ್ ರೆಲ್ಮ್ಸ್‌ನ ಕಾಲ ಒಂದೇ ಏಟಿಗೆ ಸುಮಾರು ನೂರು ವರ್ಷ ಮುಂದೆ ಹೋಯಿತು. ದೇವರುಗಳು ಸತ್ತರು, ದೇಶಗಳು ಅಳಿದವು. ಆಟಗಾರರು ಪ್ರೀತಿಯಿಂದ ಬೆಳೆಸಿದ್ದ ಊರಿನ ಪರಿಚಯದವರೆಲ್ಲ ಮುಪ್ಪಾಗಿ ಹೋಗಿದ್ದರು. ಎಷ್ಟೋ ಮೇಜುಗಳು ಹಳೆಯ ವರ್ಷದಲ್ಲೇ ಉಳಿದವು, ಹಳೆಯ ವರ್ಷದ ಬಗ್ಗೆಯೇ ಕೇಳುತ್ತಾ ಹೋದವು. ಮುಂದೆ 2021ರಲ್ಲಿ, 2014ರಿಂದ ಈಚಿನ ಐದನೇ ಆವೃತ್ತಿಯ ಆಟದ ಪುಸ್ತಕಗಳಲ್ಲಿ ಇರುವುದನ್ನಷ್ಟೇ ಕ್ಯಾನನ್ ಎಂದು ಎಣಿಸುತ್ತೇವೆ ಎಂದು ಆಟದ ವಿನ್ಯಾಸಕರು ಹೇಳಿದರು. ಕ್ಯಾನನ್ ಎಂದರೆ ಅಧಿಕೃತ ಪಾಠ. ಹಾಗಾದರೆ 1987ರ ಪೆಟ್ಟಿಗೆ ಸುಳ್ಳಾಯಿತೇ? ಕಂಪನಿ ತನ್ನ ಬರಹಗಾರರಿಗೆ ಹಾಕಿಕೊಂಡ ಗೆರೆ ಅದು. ನಿಮ್ಮ ಮೇಜಿಗೆ ಆ ಗೆರೆ ಬರುವುದಿಲ್ಲ.

ಗ್ಲೊರಾಂಥಾದವರಿಗೆ ಇದಕ್ಕೊಂದು ಶಬ್ದವೇ ಇದೆ. ಅಭಿಮಾನಿಗಳು ವರ್ಷಗಟ್ಟಲೆ ಕಟ್ಟಿಕೊಂಡದ್ದನ್ನು ಕರ್ತೃವಿನ ಹೊಸ ಬರಹ ಬುಡಮೇಲು ಮಾಡಿದರೆ ಅದಕ್ಕೆ 'ಗ್ರೆಗ್ಡ್' ಆಗುವುದು ಎನ್ನುತ್ತಾರೆ, ಗ್ರೆಗ್ ಸ್ಟಾಫರ್ಡ್ ಹೆಸರಿನಿಂದ. ಹೆಸರಾದ ಉದಾಹರಣೆ ಸೂರ್ಯದೇವರದು. ಮೊದಲ ಪುಸ್ತಕಗಳಲ್ಲಿ ಯೆಲ್ಮಾಲಿಯೊ ಎಂಬ ದೇವರಿದ್ದ, ಆಟಗಾರರು ಆ ದೇವರ ಭಕ್ತರ ಪಾತ್ರ ಕಟ್ಟಿಕೊಂಡಿದ್ದರು. 1990ರ ದಶಕದ ಬರಹಗಳಲ್ಲಿ ಗಾಳಿಯ ಜನರ ಸೂರ್ಯ ಎಲ್ಮಾಲ್ ಎಂದು ಬಂತು. ಇಬ್ಬರೂ ಒಂದೇ ಎಂದು ಒಬ್ಬರು, ಬೇರೆ ಬೇರೆ ಎಂದು ಇನ್ನೊಬ್ಬರು. ಈ ವಾದ ಇವತ್ತಿಗೂ ನಿಂತಿಲ್ಲ. ಹೀಗಾದಾಗ ಹೊಸದನ್ನು ಬಿಟ್ಟು ಹಳೆಯದರಲ್ಲೇ ಇರಬಹುದು, ಅಥವಾ ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗಬಹುದು. ನನ್ನ ಮಟ್ಟಿಗೆ ಎರಡಕ್ಕಿಂತಲೂ ಒಳ್ಳೆಯದು ಆ ವಾದವನ್ನೇ ಲೋಕದೊಳಗೆ ಇಳಿಸುವುದು. ಒಂದು ಊರಿನಲ್ಲಿ ಎಲ್ಮಾಲ್ ಎನ್ನುವವರು, ಪಕ್ಕದ ಊರಿನಲ್ಲಿ ಯೆಲ್ಮಾಲಿಯೊ ಎನ್ನುವವರು, ನಡುವೆ ಹೆಣ್ಣು ತರುವುದು ಕೊಡುವುದು ನಿಂತಿದೆ. ಆರು ವಾರದ ಆಟ ಸಿದ್ಧವಾಯಿತು. ಪ್ರತಿ ಮೇಜಿನ ಗ್ಲೊರಾಂಥಾ ಬೇರೆಯಾಗಿರುತ್ತದೆ ಎಂದು ಸ್ಟಾಫರ್ಡ್ ಕೂಡ ಒಪ್ಪಿಕೊಂಡಿದ್ದರು. ನಮ್ಮಲ್ಲೂ ಹೀಗೆಯೇ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಸಂಗ್ರಹಿಸಿ ಪಟ್ಟೋಲೆ ಪಳಮೆ ಎಂದು ಅಚ್ಚು ಹಾಕಿಸಿದರು. ಹಾಗೆಂದು ಮದುವೆಮನೆಯಲ್ಲಿ ದುಡಿ ಹಿಡಿದ ನಾಲ್ವರು ಪುಸ್ತಕ ನೋಡಿಕೊಂಡು ನಿಲ್ಲುವುದಿಲ್ಲ. ಆ ಮದುಮಕ್ಕಳ ಹೆಸರು, ಆ ಒಕ್ಕದ ಹೆಸರು ಹಾಡಿನೊಳಗೆ ಬರಲೇಬೇಕು. ಅಚ್ಚಿನ ಪಾಠ ಕೈಯಲ್ಲಿರಲಿ, ಹಾಡುವುದು ಎದುರಿಗಿರುವವರಿಗಾಗಿ.

ಕೇಳಬೇಕಾದವರು ಇಲ್ಲವಾದಾಗ ಏನು ಮಾಡಬೇಕು? ಗೈಗ್ಯಾಕ್ಸ್ 2008ರಲ್ಲಿ, ಬಾರ್ಕರ್ 2012ರಲ್ಲಿ, ಸ್ಟಾಫರ್ಡ್ 2018ರಲ್ಲಿ ಹೋದರು. ಆಮೇಲೆ 'ನನ್ನ ಹತ್ತಿರ ಹೀಗೆ ಹೇಳಿದ್ದರು' ಎನ್ನುವ ಮಾತುಗಳು ಬಹಳ ಬರುತ್ತವೆ. ಹೇಳುವವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಆದರೆ ದಿನಾಂಕ, ಪತ್ರ, ಮುದ್ರಣ ಯಾವುದೂ ಇಲ್ಲದಿದ್ದರೆ ಚೀಟಿಯಲ್ಲಿ 'ಹೇಳಿದ್ದರಂತೆ' ಎಂದೇ ಹೋಗಬೇಕು, ಎಷ್ಟೇ ಗೌರವಸ್ಥರ ಮಾತಾಗಿರಲಿ. ಬಾರ್ಕರ್ ವಿಷಯದಲ್ಲಿ ಇನ್ನೂ ಕಷ್ಟದ ಸಂಗತಿ ಇದೆ, ಅದನ್ನು ಮುಚ್ಚಿಟ್ಟು ಅವರ ಲೋಕದ ಬಗ್ಗೆ ಮಾತಾಡುವುದು ಸರಿಯಲ್ಲ. 1991ರಲ್ಲಿ ಬೇರೆ ಹೆಸರಿನಲ್ಲಿ ಬಂದ ನಾಜಿ ಪರವಾದ ಒಂದು ಕಾದಂಬರಿ ಅವರದೇ ಎಂದು, ಟೆಕುಮೆಲ್‌ನ ಹೊಣೆ ಹೊತ್ತ ಪ್ರತಿಷ್ಠಾನವೇ 2022ರಲ್ಲಿ ಒಪ್ಪಿಕೊಂಡಿತು. ಅದನ್ನು ತಿಳಿದ ಮೇಲೆ ಆ ಲೋಕವನ್ನು ಕೈಬಿಟ್ಟವರಿದ್ದಾರೆ, ತಮ್ಮದಾಗಿಸಿಕೊಂಡು ಮುಂದುವರಿಸಿದವರೂ ಇದ್ದಾರೆ. ನಿಮ್ಮ ಮೇಜಿಗೆ ಆ ಲೋಕ ತರುವುದಾದರೆ ಆಡುವವರಿಗೆ ಮೊದಲೇ ತಿಳಿಸಿ, ಅವರು ಬೇಡ ಎಂದರೆ ಬಿಡಿ. ಹಳೆಯ ಪ್ರಶ್ನೋತ್ತರಗಳನ್ನು ಓದುವಾಗಲೂ ಆ ತಿಳಿವಳಿಕೆ ಜೊತೆಗಿರಲಿ.

ಬದುಕಿರುವವರ ಜೊತೆ ಮಾತಾಡಿದ ಮೇಲೆ ಬಹುತೇಕ ಎಲ್ಲರೂ ಮರೆಯುವ ಒಂದು ಕೆಲಸ ಇದೆ. ಉತ್ತರ ಸಿಕ್ಕಿತು, ಧನ್ಯವಾದ ಹೇಳಿದೆವು, ಮುಗಿಯಿತು ಅಂದುಕೊಳ್ಳುತ್ತಾರೆ. ಆರು ವಾರ ಬಿಟ್ಟು ಒಂದು ಪುಟದ ಕಾಗದ ಬರೆಯಿರಿ. ಹೊಗಳಿಕೆ ಬೇಡ, ಹೊಸ ಪ್ರಶ್ನೆಯೂ ಬೇಡ. ನಿಮ್ಮ ಕಥೆಯ ಮುಂದಿನ ತಿರುವುಗಳನ್ನೂ ಬರೆಯಬೇಡಿ, ಕಾರಣ ಆಗಲೇ ಹೇಳಿದ್ದೇನೆ. ಅವರು ಕೊಟ್ಟ ಉತ್ತರವನ್ನು ಮೇಜಿಗೆ ತಂದಾಗ ಆಟಗಾರರು ಏನು ಮಾಡಿದರು ಎಂಬುದಷ್ಟೇ ಸಾಕು. ಕೋಣೆಯಲ್ಲಿ ಒಬ್ಬರೇ ಕುಳಿತು ಕಟ್ಟಿದ ಹೆಬ್ಬಾಗಿಲಿನ ಮುಂದೆ ಮಡಿಕೇರಿಯ ಐದು ಜನ ಒದ್ದೆ ಬಟ್ಟೆಯಲ್ಲಿ ನಿಂತಿದ್ದರು, ಕೈಯಲ್ಲಿ ಪತ್ರ ಇರಲಿಲ್ಲ. ಕಾವಲುಗಾರ ಅವರನ್ನು ಒಳಗೆ ಬಿಟ್ಟನೋ ಇಲ್ಲವೋ, ಅದನ್ನು ಬರೆಯಿರಿ.